ಕಿಟಕಿ ಹಿಡಿ ಬದಲಿಸುವ ಮುನ್ನ, ಬದಲಿಸುವಾಗ

ಕಿಟಕಿಯ ಹಿಡಿ ತಾನಾಗಿ ಕೆಡುವುದು ಕಡಿಮೆ. ಸಾಮಾನ್ಯವಾಗಿ ಅದನ್ನು ಕೆಡಿಸುವುದು ಮಳೆಗಾಲ. ಜೂನ್ ಬಂತೆಂದರೆ ಮರ ತೇವ ಕುಡಿದು ಉಬ್ಬುತ್ತದೆ, ಕಿಟಕಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಮನೆಯವರೆಲ್ಲ ಸರದಿಯ ಮೇಲೆ ಹಿಡಿ ಜಗ್ಗುತ್ತಾರೆ. ಸ್ಕ್ರೂ ಕೂತಿದ್ದ ತೂತು ಸವೆದು ಅಗಲವಾಗುತ್ತದೆ, ಒಂದು ದಿನ ಹಿಡಿ ಕೈಗೇ ಬರುತ್ತದೆ. ಅಂಗಡಿಯಿಂದ ಹೊಸದು ತಂದು ಅದೇ ತೂತಿಗೆ ಬಿಗಿದರೆ ಮುಂದಿನ ಮಳೆಗಾಲದಲ್ಲಿ ಅದಕ್ಕೂ ಅದೇ ಗತಿ. ಆದ್ದರಿಂದ ಸ್ಕ್ರೂಡ್ರೈವರ್ ಹುಡುಕುವ ಮೊದಲು ಹಿಡಿ ಯಾಕೆ ಹೋಯಿತು ಎಂದು ನೋಡಬೇಕು. ಮೊದಲು ನಮ್ಮ ಹೆಚ್ಚಿನ ಮನೆಗಳಲ್ಲಿರುವ ಮರದ ಕಿಟಕಿಯ ವಿಷಯ ಹೇಳುತ್ತೇನೆ. ಅಲ್ಯೂಮಿನಿಯಂ, ಯುಪಿವಿಸಿ ಕಿಟಕಿಗಳ ಮಾತು ಕೊನೆಗೆ.

ಹಂತ 1: ಕೆಟ್ಟಿರುವುದು ಯಾವುದು?

ಹಿಡಿಯನ್ನು ಹಿಡಿದು ಅಲ್ಲಾಡಿಸಿ. ಬುಡಸಮೇತ ಅಲ್ಲಾಡಿದರೆ ಸ್ಕ್ರೂ ಸಡಿಲವಾಗಿದೆ. ಬಿಗಿ ಮಾಡಿ ನೋಡಿ. ಬಿಗಿಯಾಗಿ ನಿಂತರೆ ಕೆಲಸ ಅಲ್ಲಿಗೇ ಮುಗಿಯಿತು. ಸ್ಕ್ರೂ ನಿಲ್ಲದೆ ಸುಮ್ಮನೆ ಸುತ್ತುತ್ತಿದ್ದರೆ ಹೋಗಿರುವುದು ಮರದ ತೂತು. ಹಿಡಿ ಗಟ್ಟಿಯಾಗಿದ್ದರೆ ಅದನ್ನೇ ಮತ್ತೆ ಕೂರಿಸಬಹುದು.

ಹಿಡಿಯನ್ನೇ ಬದಲಿಸಬೇಕಾದ ಲಕ್ಷಣಗಳು ಬೇರೆ: ಬಾಗುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು, ಕೈಗೆ ತರಚುವಂತೆ ಎದ್ದ ತುಕ್ಕಿನ ಹಕ್ಕಳೆ, ಸ್ಕ್ರೂ ಕೂರುವ ತೂತು ಮೊಟ್ಟೆಯಾಕಾರಕ್ಕೆ ಸವೆದಿರುವುದು. ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಅಗ್ಗದ ಹಿಡಿಗಳು ಹೊರಗೆ ಹೊಳೆಯುತ್ತಲೇ ಇದ್ದು ಒಂದು ದಿನ ಪಟ್ಟನೆ ಮುರಿಯುತ್ತವೆ. ಅವುಗಳಲ್ಲಿ ಬಿರುಕು ಕಂಡರೆ ಕಾಯಬೇಡಿ.

ಇನ್ನು ಬಾಗಿಲ ಸರದಿ. ಹಿಡಿಯಿರುವ ಕಡೆಯನ್ನು ಹಿಡಿದು ಮೇಲಕ್ಕೆ ಎತ್ತಿ. ಸ್ವಲ್ಪ ಎದ್ದು ಬಂದರೆ ಕೀಲಿನ ಸ್ಕ್ರೂಗಳು ಸಡಿಲವಾಗಿ ಬಾಗಿಲು ಜೋತುಬಿದ್ದಿದೆ ಎಂದರ್ಥ. ಚಿಲಕದ ಸರಳು ತೂತಿಗೆ ನೇರ ಇಳಿಯದಿರುವುದಕ್ಕೂ ಕಾರಣ ಇದೇ. ಮೊದಲು ಕೀಲು ಬಿಗಿ ಮಾಡಿ. ಕಚ್ಚಿಕೊಳ್ಳುವ ಬಾಗಿಲಾದರೆ ಬಣ್ಣ ಉಜ್ಜಿಹೋದ ಅಂಚು ಕಣ್ಣಿಗೇ ಕಾಣುತ್ತದೆ. ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿಡಿ, ಆದರೆ ಕೀಸುಳಿ ಹಾಕುವುದಕ್ಕೆ ಸಂಕ್ರಾಂತಿ ಕಳೆಯಲಿ. ಮರ ಉಬ್ಬಿರುವಾಗ ಕೀಸಿದರೆ ಬೇಸಿಗೆಯಲ್ಲಿ ಮರ ಕುಗ್ಗಿ, ಅದೇ ಸಂದಿಯಿಂದ ಸೊಳ್ಳೆ ಒಳಗೆ ಬರುತ್ತದೆ. ಅಲ್ಲಿಯವರೆಗೆ ಆ ಅಂಚಿಗೆ ಮೇಣದಬತ್ತಿ ಉಜ್ಜಿ. ಜಗ್ಗುವುದು ಅರ್ಧಕ್ಕರ್ಧ ತಪ್ಪುತ್ತದೆ.

ಹಂತ 2: ಅಳತೆ

ಹಿಡಿಯ ಒಟ್ಟು ಉದ್ದಕ್ಕಿಂತ ಮುಖ್ಯವಾದದ್ದು ಮೇಲಿನ ತೂತಿನ ನಡುವಿನಿಂದ ಕೆಳಗಿನ ತೂತಿನ ನಡುವಿಗೆ ಇರುವ ದೂರ. ಅದು ಹೊಂದಿದರೆ ಹೊಸ ತೂತು ಕೊರೆಯುವ ತಾಪತ್ರಯವಿಲ್ಲ. ಹೊಂದದಿದ್ದರೆ ಹಳೆಯ ತೂತು, ಹಳೆಯ ಬಣ್ಣದ ಗುರುತು ಎರಡನ್ನೂ ಮುಚ್ಚುವಷ್ಟು ದೊಡ್ಡದನ್ನು ಆರಿಸಿ.

ಇನ್ನೊಂದು ಅಳತೆಯನ್ನು ಹೆಚ್ಚಿನವರು ಮರೆಯುತ್ತಾರೆ. ನಮ್ಮ ಕಿಟಕಿಗಳಲ್ಲಿ ಕಬ್ಬಿಣದ ಗ್ರಿಲ್ ಒಳಗಿರುತ್ತದೆ, ಬಾಗಿಲು ಹೊರಗೆ ತೆರೆಯುತ್ತದೆ. ಬಾಗಿಲು ಮುಚ್ಚಿದಾಗ ಅದರ ಒಳಮೈಗೂ ಗ್ರಿಲ್‌ಗೂ ನಡುವೆ ಉಳಿಯುವ ಜಾಗ ಕೆಲವು ಮನೆಗಳಲ್ಲಿ ಎರಡು ಬೆರಳಿನಷ್ಟೂ ಇರುವುದಿಲ್ಲ. ಅಂಗಡಿಯಲ್ಲಿ ಚೆಂದ ಕಂಡ ಉಬ್ಬಿದ ಹಿಡಿಯನ್ನು ತಂದು ಹಾಕಿದರೆ ಅದು ಗ್ರಿಲ್‌ಗೆ ತಾಗಿ ಕಿಟಕಿ ಮುಚ್ಚುವುದೇ ಇಲ್ಲ. ಬಾಗಿಲು ಮುಚ್ಚಿ, ಸಂದಿಯಲ್ಲಿ ಸ್ಕೇಲ್ ಇಟ್ಟು ಅಳೆದು, ಅಂಕಿಯನ್ನು ಮೊಬೈಲ್‌ನಲ್ಲಿ ಬರೆದುಕೊಳ್ಳಿ.

ಹಂತ 3: ಅಂಗಡಿಯಲ್ಲಿ

ಹಳೆಯ ಹಿಡಿಯನ್ನೇ ಬಿಚ್ಚಿ ಒಯ್ಯುವುದು ಎಲ್ಲಕ್ಕಿಂತ ಒಳ್ಳೆಯದು. "ಅಣ್ಣಾ, ಇದರ ಅಳತೆಯದು ಬೇಕು, ತೂತಿಗೆ ತೂತು ಕೂರಬೇಕು" ಎಂದರೆ ಹಾರ್ಡ್‌ವೇರ್ ಅಂಗಡಿಯವರು ಅದನ್ನು ಹೊಸದರ ಮೇಲಿಟ್ಟು ನೋಡಿಯೇ ಕೊಡುತ್ತಾರೆ. ಜೇಬಿನಲ್ಲೊಂದು ಸಣ್ಣ ಅಯಸ್ಕಾಂತ ಇರಲಿ. "ಸ್ಟೀಲು" ಎಂದು ಕೊಟ್ಟದ್ದಕ್ಕೆ ಅದು ಗಟ್ಟಿಯಾಗಿ ಅಂಟಿಕೊಂಡರೆ ಬಹುಪಾಲು ಲೇಪ ಹಾಕಿದ ಕಬ್ಬಿಣ. ಸಾಮಾನ್ಯವಾಗಿ ಸಿಗುವ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ಅಯಸ್ಕಾಂತ ಅಂಟುವುದು ತೀರಾ ಕಡಿಮೆ, ಹಿತ್ತಾಳೆಗೆ ಅಂಟುವುದೇ ಇಲ್ಲ. ಬಯಲುಸೀಮೆಯ ಒಣ ಹವೆಗೆ ಲೇಪದ ಕಬ್ಬಿಣವೂ ವರ್ಷಗಟ್ಟಲೆ ಬಾಳುತ್ತದೆ, ಅಲ್ಲಿ ಹೆಚ್ಚು ಖರ್ಚು ಮಾಡುವ ಅಗತ್ಯ ನನಗಂತೂ ಕಾಣುವುದಿಲ್ಲ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ ಅದು ತಡೆಯದು. ಕಡಲಿಗೆ ಮುಖ ಮಾಡಿದ ಮನೆಯಾದರೆ ಮಾಲಿಬ್ಡಿನಮ್ ಬೆರೆಸಿದ 316 ದರ್ಜೆಯದನ್ನು ಕೇಳಿ, ಅಥವಾ ಹಿತ್ತಾಳೆ ಹಾಕಿಸಿ.

ಸ್ಕ್ರೂಗಳೂ ಹಿಡಿಯ ಲೋಹದ್ದೇ ಆಗಿರಲಿ. ಹಿತ್ತಾಳೆಯ ಹಿಡಿಗೆ ಕಬ್ಬಿಣದ ಸ್ಕ್ರೂ ಹಾಕಿದರೆ ತೇವದಲ್ಲಿ ಸ್ಕ್ರೂ ಬೇಗ ತುಕ್ಕು ಹಿಡಿಯುತ್ತದೆ. ಹಿಡಿಗೆ 6 ಅಥವಾ 8ನೇ ನಂಬರಿನ ಮುಕ್ಕಾಲು ಇಂಚಿನ ಸ್ಕ್ರೂ ಸಾಮಾನ್ಯವಾಗಿ ಸಾಕು. ಬಾಗಿಲ ಪಟ್ಟಿ ತೆಳುವಾಗಿದ್ದರೆ ಮತ್ತೊಮ್ಮೆ ಯೋಚಿಸಿ. ಗಾಜು ಕೂತಿರುವ ತೋಡಿನ ತನಕ ಸ್ಕ್ರೂ ತುದಿ ಹೋದರೆ ಗಾಜು ಬಿರುಕು ಬಿಡುತ್ತದೆ.

ಹಂತ 4: ಹಳೆಯದನ್ನು ಬಿಚ್ಚುವುದು

ಮೊದಲು ಬಾಗಿಲನ್ನು ಒಂದು ಗೇಣು ತೆರೆದು ಹಗ್ಗದಿಂದ ಗ್ರಿಲ್‌ಗೆ ಕಟ್ಟಿ. ಎರಡೂ ಕೈ ಸರಳಿನ ಸಂದಿಯಲ್ಲಿರುವಾಗ ಗಾಳಿ ಬೀಸಿ ಬಾಗಿಲು ಬಡಿದರೆ ಬೆರಳು ಜಜ್ಜುತ್ತದೆ. ಮಹಡಿ ಮನೆಯಾದರೆ ಬಾಗಿಲ ಕೆಳ ಅಂಚಿನಿಂದ ಗ್ರಿಲ್‌ಗೆ ಒಂದು ಟವೆಲ್ ಜೋಲಿ ಕಟ್ಟಿ, ಜಾರಿದ ಸ್ಕ್ರೂ ರಸ್ತೆಯಲ್ಲಿ ಹೋಗುವವರ ತಲೆ ಮೇಲೆ ಬೀಳದಿರಲಿ. ಗ್ರಿಲ್ ನಡುವೆ ಉದ್ದ ಸ್ಕ್ರೂಡ್ರೈವರ್ ತಿರುಗುವುದಿಲ್ಲ, ಗಿಡ್ಡ ಹಿಡಿಯದೊಂದು ಬೇಕು.

ಹಳೆಯ ಮನೆಗಳಲ್ಲಿ ಸ್ಕ್ರೂ ತಲೆಯ ಗೀರು ಹಬ್ಬದಿಂದ ಹಬ್ಬಕ್ಕೆ ಬಳಿದ ಬಣ್ಣದಲ್ಲಿ ಮುಚ್ಚಿಹೋಗಿರುತ್ತದೆ. ಹಳೆಯ ಬ್ಲೇಡಿನಿಂದ ಗೀರನ್ನು ಕೆರೆದು ಬಿಡಿಸಿ, ಹಿಡಿಯ ಸುತ್ತಲೂ ಒಂದು ಗೆರೆ ಕೊಯ್ಯಿರಿ. ಇಲ್ಲದಿದ್ದರೆ ಹಿಡಿಯ ಜೊತೆ ಅಂಗೈಯಗಲ ಬಣ್ಣವೂ ಎದ್ದು ಬರುತ್ತದೆ. ಇಲ್ಲೊಂದು ಎಚ್ಚರಿಕೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಣ್ಣವನ್ನು ಒಣಗಿದ್ದಾಗ ಮರಳುಕಾಗದದಿಂದ ಉಜ್ಜಿ ಧೂಳೆಬ್ಬಿಸಬೇಡಿ. ಒದ್ದೆ ಮಾಡಿ ಕೆರೆಯಿರಿ, ಮಕ್ಕಳನ್ನು ಬೇರೆ ಕೋಣೆಗೆ ಕಳಿಸಿ, ಒದ್ದೆ ಬಟ್ಟೆಯಿಂದ ಒರೆಸಿ.

ತುಕ್ಕು ಹಿಡಿದು ಕದಲದ ಸ್ಕ್ರೂಗೆ ಒಂದೆರಡು ಹನಿ ಸೀಮೆಎಣ್ಣೆಯನ್ನೋ ತುಕ್ಕು ಬಿಡಿಸುವ ಸ್ಪ್ರೇಯನ್ನೋ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸ್ಕ್ರೂಡ್ರೈವರ್ ಇಟ್ಟು ಮೇಲೆ ಸುತ್ತಿಗೆಯಿಂದ ಎರಡು ಪೆಟ್ಟು ಕೊಡಿ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡುವ ದಿಕ್ಕಿಗೆ ತಿರುಗಿಸಿ, ಆಮೇಲೆ ಬಿಚ್ಚಿ. ತಲೆಯ ಗೀರೇ ಸವೆದುಹೋಗಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಹೊಸ ಗೀರು ಕೊರೆಯಬಹುದು. ಸ್ಕ್ರೂ ಒಳಗೇ ಮುರಿಯಿತೇ? ಅಗೆಯಲು ಹೋಗಬೇಡಿ, ಹೊಸ ಹಿಡಿಯನ್ನು ಅರ್ಧ ಇಂಚು ಮೇಲೆ ಕೂರಿಸಿ.

ಹಂತ 5: ಸವೆದ ತೂತು ತುಂಬುವುದು

ಹೊಸ ಹಿಡಿ ಎಷ್ಟು ವರ್ಷ ನಿಲ್ಲುತ್ತದೆ ಎನ್ನುವುದು ಇಲ್ಲೇ ತೀರ್ಮಾನವಾಗುತ್ತದೆ. ದೇವರ ಮನೆಯಲ್ಲಿ ಉರಿದು ಉಳಿದ ಊದುಬತ್ತಿಯ ಬಿದಿರು ಕಡ್ಡಿಗಳನ್ನು ತೆಗೆದುಕೊಳ್ಳಿ. ಬತ್ತಿ ಹತ್ತಿರದ ಮಸಿ ಭಾಗ ಮುರಿದು ಎಸೆಯಿರಿ. ತೂತಿನೊಳಗಿನ ಹೊಟ್ಟನ್ನು ಊದಿ ತೆಗೆದು, ಕಡ್ಡಿಗಳನ್ನು ಫೆವಿಕಾಲ್‌ನಲ್ಲಿ ಅದ್ದಿ, ಇನ್ನು ಹಿಡಿಸದು ಎನ್ನುವವರೆಗೆ ಒಂದೊಂದಾಗಿ ತುರುಕಿ. ಹೊರಗೆ ಚಾಚಿದ್ದನ್ನು ಆಗಲೇ ಕತ್ತರಿಸದೆ ಒಂದಿಡೀ ದಿನ ಒಣಗಲು ಬಿಡಿ, ಆಮೇಲೆ ಬ್ಲೇಡಿನಿಂದ ಮಟ್ಟ ಮಾಡಿ. ಬೆಂಕಿಕಡ್ಡಿಯೂ ಆಗುತ್ತದೆ, ಆದರೆ ಬಿದಿರಿನಷ್ಟು ಗಟ್ಟಿ ಅಲ್ಲ. ಅಂಟಿಲ್ಲದೆ ಬರೀ ಕಡ್ಡಿ ತುರುಕುವುದು ತಾತ್ಕಾಲಿಕ ಉಪಾಯ ಮಾತ್ರ. ಬೆರಳಲ್ಲಿ ಒತ್ತಿದರೆ ಮರವೇ ಪುಡಿಯಾಗುತ್ತಿದ್ದರೆ ಅದು ಗೆದ್ದಲು ಅಥವಾ ಕೊಳೆತ. ಕಡ್ಡಿಯಿಂದ ಆಗದು, ಆಚಾರಿಯನ್ನು ಕರೆಸಿ.

ಹಂತ 6: ಹೊಸದನ್ನು ಕೂರಿಸುವುದು

ಹಿಡಿಯನ್ನು ಜಾಗದಲ್ಲಿಟ್ಟು, ಒಮ್ಮೆ ಬಾಗಿಲು ಮುಚ್ಚಿ ಗ್ರಿಲ್‌ಗೆ ತಾಗುತ್ತದೆಯೇ ನೋಡಿ. ಆಮೇಲೆ ತೂತಿನ ನಡುವೆ ಪೆನ್ಸಿಲ್ ಗುರುತು. ಗುರುತಿನ ಮೇಲೆ 2 ಮಿಲಿಮೀಟರ್ ಬಿಟ್‌ನಿಂದ ಸಣ್ಣ ದಾರಿ ಕೊರೆಯಿರಿ, ಹಲಸು, ಹೊನ್ನೆ, ಮತ್ತಿಯಂಥ ಗಟ್ಟಿ ಮರಕ್ಕೆ 2.5. ಡ್ರಿಲ್ ಇಲ್ಲದಿದ್ದರೆ ತೆಳು ಮೊಳೆಯನ್ನು ಸ್ವಲ್ಪ ಹೊಡೆದು ಕಿತ್ತರೂ ಸಾಕು. ಈ ದಾರಿ ಇಲ್ಲದೆ ನೇರ ಬಿಗಿದರೆ ಮರ ಸೀಳಬಹುದು.

ಹಿತ್ತಾಳೆ ಸ್ಕ್ರೂ ಮೆದು, ಗಟ್ಟಿ ಮರದಲ್ಲಿ ಅದರ ಕತ್ತು ಮುರಿಯುತ್ತದೆ. ಆಚಾರಿಗಳು ಮಾಡುವಂತೆ ಅದೇ ಅಳತೆಯ ಕಬ್ಬಿಣದ ಸ್ಕ್ರೂ ಒಂದನ್ನು ಮೊದಲು ಪೂರ್ತಿ ಇಳಿಸಿ, ಬಿಚ್ಚಿ, ಆ ದಾರಿಯಲ್ಲಿ ಹಿತ್ತಾಳೆಯದನ್ನು ಹಾಕಿ. ಎಳೆಗೆ ಒಣ ಸೋಪು ಉಜ್ಜಿದರೆ ಸಲೀಸಾಗಿ ಇಳಿಯುತ್ತದೆ. ಅಯಸ್ಕಾಂತದ ಸ್ಕ್ರೂಡ್ರೈವರ್‌ಗೆ ಹಿತ್ತಾಳೆ, ಸ್ಟೇನ್‌ಲೆಸ್ ಅಂಟುವುದಿಲ್ಲವಲ್ಲ, ಗೀರಿಗೆ ಚೂರು ಮೇಣ ಒತ್ತಿದರೆ ಸ್ಕ್ರೂ ತುದಿಯಲ್ಲೇ ನಿಲ್ಲುತ್ತದೆ. ಎಲ್ಲ ಸ್ಕ್ರೂಗಳನ್ನೂ ಮುಕ್ಕಾಲು ಪಾಲು ಇಳಿಸಿ, ಹಿಡಿ ನೇರವಿದೆಯೇ ನೋಡಿ, ಕೊನೆಗೆ ಒಂದೊಂದಾಗಿ ಬಿಗಿ ಮಾಡಿ. ಕೊನೆಯ ತಿರುವು ಯಂತ್ರದಿಂದ ಬೇಡ, ಕೈಯಿಂದಲೇ ಆಗಲಿ.

ಜೊತೆಗೆ ಚಿಲಕವನ್ನೂ ಬದಲಿಸುತ್ತಿದ್ದರೆ ಅದರ ಸರಳು ಇಳಿಯುವ ತೂತನ್ನು ಕಣ್ಣಳತೆಯಲ್ಲಿ ಕೊರೆಯಬೇಡಿ. ಸರಳಿನ ತುದಿಗೆ ಒದ್ದೆ ಕುಂಕುಮ ಹಚ್ಚಿ, ಬಾಗಿಲು ಮುಚ್ಚಿ ಸರಳನ್ನು ಕೆಳಗೆ ಒತ್ತಿದರೆ ಚೌಕಟ್ಟಿನ ಮೇಲೆ ಸರಿಯಾದ ಜಾಗದಲ್ಲಿ ಬೊಟ್ಟು ಬೀಳುತ್ತದೆ. ಕೊರೆದ ತೂತಿನೊಳಗೆ ಬಣ್ಣದಲ್ಲಿ ಅದ್ದಿದ ಕಡ್ಡಿ ಆಡಿಸಿ. ಇಲ್ಲದಿದ್ದರೆ ಮಳೆನೀರು ಅಲ್ಲೇ ನಿಂತು ಚೌಕಟ್ಟು ಕೊಳೆಯುತ್ತದೆ.

ಅಲ್ಯೂಮಿನಿಯಂ, ಯುಪಿವಿಸಿ ಆದರೆ

ಜಾರುವ ಅಲ್ಯೂಮಿನಿಯಂ ಕಿಟಕಿಯಲ್ಲಿ ಹಿಡಿಯನ್ನು ಕೆಡಿಸುವುದು ಕೆಳಗಿನ ಹಳಿಯಲ್ಲಿ ತುಂಬಿದ ಧೂಳು, ಸವೆದ ಗಾಲಿ. ಹಳಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆದ ಮೇಲೂ ಕಿಟಕಿ ಜಾರದಿದ್ದರೆ ಗಾಲಿ ಬದಲಿಸಿ, ಹಿಡಿಯ ಮಾತು ಆಮೇಲೆ. ಸ್ಕ್ರೂ ತೂತು ಸವೆದಿದ್ದರೆ 6ನೇ ನಂಬರಿನ ಜಾಗಕ್ಕೆ 8ನೇ ನಂಬರಿನ, ಲೋಹಕ್ಕೆಂದೇ ಮಾಡಿದ ಸ್ಟೇನ್‌ಲೆಸ್ ಸ್ಕ್ರೂ ಹಾಕಿ. ಮರದ ಸ್ಕ್ರೂ ಅಲ್ಲಿ ಹಿಡಿಯದು.

ಯುಪಿವಿಸಿ ಕಿಟಕಿಯ ತಿರುಗುವ ಹಿಡಿಯಲ್ಲಿ ಸ್ಕ್ರೂ ಕಾಣುವುದಿಲ್ಲ. ಬುಡದ ಮುಚ್ಚಳವನ್ನು ಸ್ವಲ್ಪ ಎತ್ತಿ ಪಕ್ಕಕ್ಕೆ ತಿರುಗಿಸಿದರೆ ಎರಡು ಸ್ಕ್ರೂ ಸಿಗುತ್ತವೆ. ಹಿಡಿಯನ್ನು ತೆರೆದ ಸ್ಥಿತಿಗೆ ತಿರುಗಿಸಿಟ್ಟೇ ಬಿಚ್ಚಿ, ಹೊಸದನ್ನೂ ಅದೇ ಸ್ಥಿತಿಯಲ್ಲಿ ಕೂರಿಸಿ. ಬಹಳಷ್ಟು ಹಿಡಿಗಳಲ್ಲಿ ಸ್ಕ್ರೂಗಳ ನಡುವಿನ ದೂರ 43 ಮಿಲಿಮೀಟರ್, ಹಿಂದಿನ ಚೌಕ ಕಡ್ಡಿಯ ದಪ್ಪ 7 ಮಿಲಿಮೀಟರ್. ವ್ಯತ್ಯಾಸವಾಗುವುದು ಆ ಕಡ್ಡಿಯ ಉದ್ದ, ಅದನ್ನು ಬುಡದ ತಟ್ಟೆಯಿಂದ ತುದಿಯವರೆಗೆ ಅಳೆಯಿರಿ. ಹಿಡಿ ತಿರುಗಿದರೂ ಬೀಗ ಕದಲದಿದ್ದರೆ ಹೊಸದು ಕೊಳ್ಳುವ ಮೊದಲು ಪಕ್ಕದ ಕಿಟಕಿಯ ಹಿಡಿಯನ್ನು ಬಿಚ್ಚಿ ಇದಕ್ಕೆ ಹಾಕಿ ತಿರುಗಿಸಿ. ಬೀಗ ಆಡಿದರೆ ಕೆಟ್ಟಿರುವುದು ಹಿಡಿ. ಆಗಲೂ ಆಡದಿದ್ದರೆ ಒಳಗಿನ ಗೇರು ಹೋಗಿದೆ. ಅದು ಕಿಟಕಿ ಕೂರಿಸಿದವರ ಕೆಲಸ, ಅವರಿಗೆ ಫೋನ್ ಮಾಡುವಾಗ ಹಳೆಯ ಬಿಲ್ಲು ಕೈಯಲ್ಲಿರಲಿ.