ಪ್ರಾಣಿದಯೆಯನ್ನು ಬೋಧಿಸುವ ಬಗೆ

ಶಾಲೆಗಳಲ್ಲಿ ಪ್ರಾಣಿದಯೆಯನ್ನು ಬೋಧಿಸಬೇಕೆಂಬ ಮಾತು ಹೊಸದಲ್ಲ. ಶ್ರೀಮತಿ ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಪಟ್ಟ ಪರಿಶ್ರಮದ ಫಲವಾಗಿ 1960ರಲ್ಲಿ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯು ಬಂದಿತು. 1976ರಲ್ಲಿ ಸಂವಿಧಾನದ 42ನೆಯ ತಿದ್ದುಪಡಿಯು ಪ್ರಜೆಗಳ ಮೂಲಭೂತ ಕರ್ತವ್ಯಗಳನ್ನು ನಿರೂಪಿಸಿದಾಗ, ಜೀವಿಗಳಲ್ಲಿ ಅನುಕಂಪವುಳ್ಳವರಾಗಿರುವುದನ್ನೂ ಅವುಗಳಲ್ಲಿ ಸೇರಿಸಿತು. ಕಾನೂನು ಇದೆ, ಪಠ್ಯಪುಸ್ತಕದಲ್ಲಿ ಪಾಠಗಳೂ ಇವೆ. ಆದರೂ 'ಈ ಪದ್ಯದಿಂದ ತಿಳಿಯುವ ನೀತಿಯೇನು?' ಎಂಬ ಪ್ರಶ್ನೆಗೆ 'ಪ್ರಾಣಿಗಳಲ್ಲಿ ದಯೆಯಿರಬೇಕು' ಎಂದು ದುಂಡಗೆ ಬರೆದು ಪೂರ್ಣಾಂಕ ಪಡೆದ ಬಾಲಕನೇ ಶಾಲೆಯ ಹಿಂದಿನ ಬೇಲಿಯ ಬಳಿ ಓತಿಕೇತಕ್ಕೆ ಕಲ್ಲೆಸೆಯುತ್ತಿರುವುದನ್ನು ಕಾಣದ ಅಧ್ಯಾಪಕರು ನಮ್ಮಲ್ಲಿ ವಿರಳ. ಅದು ಬಾಲಕನ ದೋಷವೆಂದು ನಾನು ಬಹುಕಾಲ ಎಣಿಸಿದ್ದೆ. ಬೋಧನೆಯ ದೋಷವೆಂದು ಈಗ ತೋರುತ್ತಿದೆ. ಹಾಗೆ ತೋರಲು ಕಾರಣವಾದ ಒಂದು ಸಂಗತಿಯನ್ನು ಸಹೋದ್ಯೋಗಿಗಳ ಮತ್ತು ಶಾಲೆಯ ಹಿತೈಷಿಗಳ ಮುಂದಿಡಬಯಸುತ್ತೇನೆ.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯಲ್ಲಿ ಸತ್ಯನಿಷ್ಠೆಯ ವಿಷಯ ಬಂದಾಗ, ಮಕ್ಕಳು ಕೆಳಗಿನ ತರಗತಿಗಳಲ್ಲಿ ಕಲಿತು ಬಂದಿದ್ದ ಗೋವಿನ ಹಾಡನ್ನು ಮತ್ತೆ ಎತ್ತಿಕೊಂಡೆ. ಪುಣ್ಯಕೋಟಿಯು ತನ್ನ ಕಂದನಿಗೆ ಹಾಲೂಡಿಸಿ ಬರುವೆನೆಂದು ಹುಲಿಗೆ ಮಾತು ಕೊಟ್ಟು ದೊಡ್ಡಿಗೆ ಬರುವುದನ್ನೂ, ತಬ್ಬಲಿಯಾಗಲಿರುವ ಕರುವನ್ನು ಒಡನಾಡಿ ಹಸುಗಳಿಗೆ ಒಪ್ಪಿಸುವುದನ್ನೂ ವಿವರಿಸುತ್ತಿದ್ದೆ. ತರಗತಿಯು ನಿಶ್ಶಬ್ದವಾಗಿತ್ತು, ಕೆಲವರ ಕಣ್ಣುಗಳಲ್ಲಿ ನೀರಿತ್ತು. ಪಾಠವು ಸಾರ್ಥಕವಾಯಿತೆಂದು ನಾನು ಹಿಗ್ಗುತ್ತಿರುವಾಗ ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು ನಿಂತು, "ಗುರುಗಳ, ಗೊಲ್ಲ ಮೊದಲ ಬಿಂದಿಗಿ ತುಂಬ ಹಾಲು ಹಿಂಡಿಕೊಂಡಾನಲ್ರೀ, ಕರಕ್ಕ ಏನ ಉಳೀತು?" ಎಂದು ಕೇಳಿದ. ಹುಡುಗರು ನಕ್ಕರು. ನಾನು ಅವನನ್ನು ಅಧಿಕಪ್ರಸಂಗಿಯೆಂದು ಗದರಿಸಿ ಕುಳ್ಳಿರಿಸಿದೆ.

ಮನೆಗೆ ಹೋಗಿ ಹಾಡನ್ನು ತೆರೆದು ನೋಡಿದರೆ ಹುಡುಗನ ಮಾತು ನಿಜ. ಕಾಳಿಂಗನ ದನಿ ಕೇಳಿ ಹಸುಗಳೆಲ್ಲ ಬರುವುದೂ ಬಿಂದಿಗೆ ತುಂಬುವುದೂ ಹಾಡಿನ ಆರಂಭದಲ್ಲಿಯೇ ಇದೆ. ಎಷ್ಟೋ ವರ್ಷಗಳಿಂದ ಅದನ್ನು ರಾಗವಾಗಿ ಹಾಡಿಸಿದ ನನಗೆ ಆ ಬಿಂದಿಗೆಯು ಕಂಡಿರಲಿಲ್ಲ. ಅವನಿಗೆ ಕಂಡುದಕ್ಕೆ ಕಾರಣವಿತ್ತು. ಅವನ ಮನೆಯಲ್ಲಿ ಎರಡು ಮಿಶ್ರತಳಿಯ ಹಸುಗಳಿದ್ದವು. ಡೈರಿಗೆ ಹಾಕುವ ಹಾಲಿನಿಂದಲೇ ಮನೆಯ ಖರ್ಚು ಸಾಗುತ್ತಿತ್ತು. ಹಿಂದಿನ ವಾರವಷ್ಟೇ ಹುಟ್ಟಿದ್ದ ಗಂಡುಗರುವನ್ನು ಯಾರೋ ಬಂದು ಕೊಂಡೊಯ್ದಿದ್ದರಂತೆ.

ಅನುಕಂಪವೆಂಬ ಶಬ್ದದಲ್ಲಿರುವ ಕಂಪ್ ಧಾತುವಿಗೆ ನಡುಗುವುದೆಂದು ಅರ್ಥ. ಇನ್ನೊಂದು ಜೀವ ನಡುಗಿದಾಗ ಅದರೊಡನೆ ತಾನೂ ನಡುಗುವುದು ಅನುಕಂಪ. ದಯೆಯೆಂಬ ಶಬ್ದಕ್ಕೆ ಮೂಲವಾದ ದಯ್ ಧಾತುವಿಗಾದರೋ, ಧಾತುಪಾಠವು ಕೊಡುವುದು, ನಡೆಯುವುದು, ರಕ್ಷಿಸುವುದು, ತೆಗೆದುಕೊಳ್ಳುವುದು ಎಂಬ ಅರ್ಥಗಳ ನಡುವೆ ಹಿಂಸಿಸುವುದು ಎಂಬುದನ್ನೂ ಹೇಳಿದೆ. ವಿದ್ವತ್ ಪರೀಕ್ಷೆಗೆ ಓದುತ್ತಿದ್ದ ಕಾಲದಲ್ಲಿ ಇದನ್ನು ವೈಯಾಕರಣರ ವಿನೋದವೆಂದು ನಕ್ಕು ಬಿಟ್ಟಿದ್ದೆ. ಹಸುವಿಗೆ ಹುಲ್ಲು ಹಾಕಿ ಮೈದಡವಿದ ಕೈಯೇ ಕರುವನ್ನು ಕೆಚ್ಚಲಿನಿಂದ ಎಳೆದು ಗೂಟಕ್ಕೆ ಕಟ್ಟುವುದನ್ನು ಆ ಹುಡುಗನ ದೃಷ್ಟಿಯಿಂದ ನೋಡಿದ ಮೇಲೆ ಆ ನಗು ಬರುತ್ತಿಲ್ಲ.

ಹಸುವು ಈಯದೆ ಹಾಲಿಲ್ಲ. ಈದರೆ ಹೆಚ್ಚುಕಡಿಮೆ ಅರ್ಧದಷ್ಟು ಗಂಡುಗರುಗಳು. ಹಿಂದೆ ಅವು ಎತ್ತುಗಳಾಗಿ ನೊಗಕ್ಕೆ ಹೆಗಲು ಕೊಡುತ್ತಿದ್ದವು, ಆದುದರಿಂದ ಬದುಕುತ್ತಿದ್ದವು. ಈಗ ಹೊಲಕ್ಕೆ ಟ್ರ್ಯಾಕ್ಟರು ಬಂದಿದೆ. ವಿದೇಶೀ ತಳಿಯ ರಕ್ತವುಳ್ಳ ಹೋರಿಗಳು ನಮ್ಮ ಬಿಸಿಲಿನಲ್ಲಿ ದುಡಿಯಲಾರವೆಂದು ರೈತರು ಹೇಳುತ್ತಾರೆ. ಮನೆಯಲ್ಲಿ ಹಾಲನ್ನು ಕುದಿಸುವ ತಾಯಿಗಾಗಲಿ, ದಾಸೋಹದಲ್ಲಿ ಮಜ್ಜಿಗೆ ಬಡಿಸುವ ಭಕ್ತನಿಗಾಗಲಿ ಆ ಕರು ಕಾಣುವುದಿಲ್ಲ. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಎಂಬುವರೂ ಅವರ ಕೆಲವರು ಸಂಗಡಿಗರೂ ಹಾಲು ಮೊಟ್ಟೆಗಳನ್ನೂ ತ್ಯಜಿಸಿದ ಸಸ್ಯಾಹಾರಕ್ಕೆ 'ವೀಗನ್' ಎಂಬ ಹೊಸ ಹೆಸರನ್ನಿಟ್ಟರು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಬೆಂಗಳೂರಿನಲ್ಲಿ ನೆಲೆಸಿದ ಕೆಲವರು ಈ ವ್ರತವನ್ನು ಹಿಡಿದಿದ್ದಾರೆ. ಅವರಲ್ಲಿ ಒಬ್ಬರು ಪಂಕ್ತಿಯಲ್ಲಿ ಮಜ್ಜಿಗೆಗೆ ಕೈಯಡ್ಡ ಹಿಡಿದಾಗ ನನಗೆ ಸಿಡುಕು ಬಂದಿತೆಂಬುದನ್ನು ಮುಚ್ಚಿಡಲಾರೆ. ಹುಡುಗನ ಪ್ರಶ್ನೆಯಾದ ಮೇಲೆ ಆ ಸಿಡುಕು ಇಳಿದಿದೆ.

ಹಾಗೆಂದು ಶಾಲೆಯು ಮಕ್ಕಳಿಗೆ ಹಾಲನ್ನು ಬಿಡಿಸಬೇಕೆಂದು ನಾನು ಹೇಳುತ್ತಿಲ್ಲ. 2013ರ ಆಗಸ್ಟಿನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ ಹಾಲನ್ನು ಕುಡಿದೇ ತರಗತಿಗೆ ಬರುವ, ಮನೆಯಲ್ಲಿ ಬೆಳಗಿನ ಉಪಾಹಾರವನ್ನೇ ಕಾಣದ ಮಕ್ಕಳನ್ನು ನಾನು ಬಲ್ಲೆ. ಬಿ12 ಎಂಬ ಜೀವಸತ್ವವು ಕಾಳುಬೇಳೆಗಳಲ್ಲಿ ದೊರೆಯದೆಂದು ವಿಜ್ಞಾನದ ಅಧ್ಯಾಪಕರೂ ಹೇಳುತ್ತಾರೆ. ಬೆಳೆಯುವ ಮಗುವಿನ ತಟ್ಟೆಯಿಂದ ಒಂದನ್ನು ತೆಗೆಯುವವನು ಅದರ ಸ್ಥಾನದಲ್ಲಿ ಏನನ್ನಿಡುವೆನೆಂಬುದನ್ನು ಮೊದಲು ತಿಳಿದಿರಬೇಕು. ನನ್ನ ಮಾತು ತಟ್ಟೆಯನ್ನು ಕುರಿತುದಲ್ಲ, ಪ್ರಶ್ನೆಯನ್ನು ಕುರಿತುದು. ಮಗುವಿಗೆ ಕಂಡ ನೋವನ್ನು ಇಲ್ಲವೆಂದು ಹೇಳಿ ದಯೆಯನ್ನು ಬೋಧಿಸಲು ಸಾಧ್ಯವಿಲ್ಲ.

ಮರುದಿನ ತರಗತಿಗೆ ಹೋಗಿ, "ನಿನ್ನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಅದಕ್ಕೇ ಗದರಿಸಿದೆ" ಎಂದು ಒಪ್ಪಿಕೊಂಡೆ. ಅನಂತರ ಎಲ್ಲರಿಗೂ ಒಂದು ಕೆಲಸ ಕೊಟ್ಟೆ. ನಿಮ್ಮ ಮನೆಯ ಅಥವಾ ಓಣಿಯ ಒಂದು ಪ್ರಾಣಿಯನ್ನು ಒಂದು ವಾರ ನೋಡಿರಿ. ಅದು ಏನನ್ನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾರಿಗೆ ಹೆದರುತ್ತದೆ, ಎಲ್ಲಿಂದ ಬಂದಿತು, ಎಲ್ಲಿಗೆ ಹೋಗುತ್ತದೆ, ಇಷ್ಟನ್ನೇ ಬರೆಯಿರಿ. ನೀತಿಯನ್ನು ಬರೆಯಬೇಡಿರಿ ಎಂದೆ. ಹಾಗೆ ಬಂದ ಬರಹಗಳಂಥವನ್ನು ನನ್ನ ವೃತ್ತಿಜೀವನದಲ್ಲಿ ನಾನು ಹೆಚ್ಚು ಓದಿಲ್ಲ. ಕಾಗುಣಿತದ ತಪ್ಪುಗಳಿಗೆ ಮಿತಿಯಿರಲಿಲ್ಲ, ಅದು ಬೇರೆ ಮಾತು. ಅಜ್ಜಿಯ ಔಷಧಕ್ಕಾಗಿ ಮಾರಿದ ಆಡಿನ ವಿಷಯವನ್ನು ಒಬ್ಬಳು ಬರೆದಿದ್ದಳು. ಸಂತೆಯಲ್ಲಿ ಕೊಂಡವನ ಹಿಂದೆ ಹೋಗದೆ ಅದು ತಿರುಗಿ ತಿರುಗಿ ತನ್ನನ್ನೇ ನೋಡಿತೆಂದು ಬರೆದು, ಮುಂದಿನ ವಾಕ್ಯವನ್ನು ಅರ್ಧಕ್ಕೇ ಬಿಟ್ಟಿದ್ದಳು. ಅದನ್ನು ಪೂರ್ತಿಗೊಳಿಸೆಂದು ನಾನು ಹೇಳಲಿಲ್ಲ.

ಈ ಕೆಲಸವಾದ ಮೇಲೆ ಜನ್ನನ ಯಶೋಧರ ಚರಿತೆಯ ಕಥೆಯನ್ನು ಹೇಳಿದೆ. ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಈ ಕವಿಚಕ್ರವರ್ತಿಯು 1209ರಲ್ಲಿ ರಚಿಸಿದ ಕಾವ್ಯದಲ್ಲಿ, ಜೀವಬಲಿಗೆ ಒಪ್ಪದ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಆ ಹಿಟ್ಟಿನ ಕೋಳಿ ಕೂಗುತ್ತದೆ. ಅಷ್ಟರಿಂದಲೇ ತಾಯಿಮಗ ಇಬ್ಬರೂ ತಿರ್ಯಗ್ಜನ್ಮಗಳನ್ನು ಎತ್ತಿ ತೊಳಲುತ್ತಾರೆ. ಅವನು ನವಿಲಾಗಿ, ಮೀನಾಗಿ, ಆಡಾಗಿ, ಕೋಳಿಯಾಗಿ ಸಾಯುತ್ತಾನೆ. ಹಿಟ್ಟಿಗೆ ನೋವುಂಟೇ ಎಂದು ಮಕ್ಕಳು ವಾದಿಸಿದರು. ಹಿಟ್ಟಿಗಿಲ್ಲ, ಆದರೆ ಕತ್ತಿಯೆತ್ತಿದ ಮನಸ್ಸಿಗೆ ಎದುರಿಗಿದ್ದುದು ಕೋಳಿಯೇ ಎಂದೆ. ಆಗ ಒಬ್ಬಳು ಮಣ್ಣೆತ್ತಿನ ಅಮಾವಾಸ್ಯೆಯನ್ನು ನೆನಪಿಸಿದಳು. ಕಾರ ಹುಣ್ಣಿಮೆಗೆ ನಿಜವಾದ ಎತ್ತಿಗೆ ಬಣ್ಣ ಬಳಿದು ಓಡಿಸಿ, ಹದಿನೈದು ದಿನಗಳಾದ ಮೇಲೆ ಮಣ್ಣಿನ ಎತ್ತನ್ನು ಮಾಡಿ ಪೂಜಿಸುತ್ತೇವಲ್ಲ, ಅದಕ್ಕೂ ಜೀವವಿಲ್ಲ, ಆದರೂ ಅದರ ಕೋಡು ಮುರಿದರೆ ನನ್ನ ತಮ್ಮ ಅಳುತ್ತಾನೆ ಎಂದಳು. ಜನ್ನನಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಬರೆಯಲಾರೆ. ಅಂದಿನಿಂದ ಜ್ಯೇಷ್ಠಮಾಸದಲ್ಲಿ ಕೆರೆಯ ಮಣ್ಣು ತಂದು ತರಗತಿಯಲ್ಲಿಯೇ ಎತ್ತುಗಳನ್ನು ಮಾಡಿಸುತ್ತಿದ್ದೇವೆ. ನೆಲ ಕೊಳೆಯಾಗುತ್ತದೆಂದು ಮೊದಲ ವರ್ಷ ಆಕ್ಷೇಪಣೆ ಬಂದಿತ್ತು.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಶಾಲೆಯ ಬಿಸಿಯೂಟದೊಡನೆ ಮೊಟ್ಟೆ ಕೊಡಲಾರಂಭಿಸಿದಾಗ, ಒಲ್ಲದ ಮಕ್ಕಳಿಗೆ ಬಾಳೆಯಹಣ್ಣೆಂದು ಗೊತ್ತಾಯಿತು. ಹಲವರು ಮಠಾಧೀಶರು ಅದನ್ನು ವಿರೋಧಿಸಿದರು. ಅವರ ಮನಸ್ಸಿನಲ್ಲಿದ್ದ ಅಹಿಂಸೆಯನ್ನು ನಾನು ಅರಿಯೆನೆಂದಲ್ಲ. ನಾನೂ ಮೊಟ್ಟೆಯನ್ನು ಮುಟ್ಟಿದವನಲ್ಲ. ಆದರೆ ಆ ದಿನಗಳಲ್ಲಿ ನಮ್ಮ ಮಕ್ಕಳ ಬಾಯಲ್ಲಿ ಬಂದ ಮಾತುಗಳು ನನ್ನನ್ನು ಕಳವಳಗೊಳಿಸಿದವು. ಮಾಂಸ ಮಾರುವವರ ಮನೆಯ ಒಬ್ಬ ಹುಡುಗನ ಪಕ್ಕದಲ್ಲಿ ಕುಳಿತು ಉಣ್ಣಲು ಇಬ್ಬರು ಒಲ್ಲೆನೆಂದರು. ಕೋಳಿಯ ಮೇಲಿನ ದಯೆಯು ಇಷ್ಟು ಬೇಗ ಗೆಳೆಯನ ಮೇಲಿನ ಹೇಸಿಗೆಯಾಗುವುದಾದರೆ ನಾವು ಕಲಿಸಿದ್ದು ದಯೆಯಲ್ಲ, ಕುಲದ ಹೆಮ್ಮೆ. ಬಸವಣ್ಣನವರು ಹರಕೆಗೆ ತಂದ ಕುರಿಯನ್ನು ಕುರಿತು ಹೇಳಿದ ವಚನವನ್ನು ನಾವು ಪಾಠ ಮಾಡುತ್ತೇವೆ: ಸಾವು ಬಳಿಯಲ್ಲಿರುವುದನ್ನರಿಯದೆ ಅದು ಹಬ್ಬದ ತಳಿರನ್ನೇ ಮೇಯುತ್ತದೆ. ಕೊಂದವರನ್ನು ಕುರಿತು ಅದೇ ವಚನವು ಕೇಳುವ ಪ್ರಶ್ನೆಯಲ್ಲಿ, ನಾವೆಲ್ಲರೂ ಆ ಕುರಿಯಂತೆಯೇ ಎಂಬ ಧ್ವನಿಯಿದೆ. ತೊಗಲಿನ ಕಾಯಕದ ಹರಳಯ್ಯನವರನ್ನೂ ಮಾದಾರ ಚೆನ್ನಯ್ಯನವರನ್ನೂ ಹಿರಿಯರೆಂದು ಎದೆಗವಚಿಕೊಂಡ ಪರಂಪರೆಯಲ್ಲಿ ಒಬ್ಬ ಬಾಲಕನು ತಂದೆಯ ವೃತ್ತಿಗಾಗಿ ತಲೆ ತಗ್ಗಿಸಿ ಒಂಟಿಯಾಗಿ ಉಣ್ಣುವುದು ಸಲ್ಲದು. ಆ ದಿನ ಅವನ ಪಕ್ಕದಲ್ಲಿ ನಾನೇ ತಟ್ಟೆಯಿಟ್ಟುಕೊಂಡು ಕುಳಿತೆ. ಹಾಲು ಕುಡಿಯುವ ನಾವು ಮೊದಲು ನಮ್ಮ ಲೋಟವನ್ನು ಕುರಿತು ಕೇಳಿಕೊಂಡರೆ, ಇನ್ನೊಬ್ಬರ ತಟ್ಟೆಯನ್ನು ಕುರಿತು ಆಡುವ ಮಾತು ಸ್ವಲ್ಪ ಮೃದುವಾದೀತು.

ಪ್ರಶ್ನೆ ಕೇಳಿದ ಹುಡುಗನ ತಂದೆ ಒಂದು ದಿನ ಶಾಲೆಗೆ ಬಂದರು. ಹಸು ಮತ್ತೆ ಈಯುವ ದಿನ ಹತ್ತಿರವಿತ್ತು. "ಏನ ಕಲಿಸೀರಿ ಗುರುಗಳ? ಈ ಸಲ ಗಿಣ್ಣ ಕಾಸಬ್ಯಾಡ್ರಿ, ಅದು ಕರದ ಪಾಲು ಅಂತಾನ್ರೀ ನಮ್ಮ ಹುಡುಗ" ಎಂದರು. ಸಿಟ್ಟಿತ್ತು, ಆದರೆ ಸಿಟ್ಟಿನ ಕೆಳಗೆ ಬೇರೆಯೇನೋ ಇತ್ತು. ಕರುವು ತಾಯಿಯ ಗರ್ಭದಲ್ಲಿರುವಾಗ ರೋಗವನ್ನು ತಡೆಯುವ ಶಕ್ತಿ ಅದಕ್ಕೆ ದಾಟಿ ಬರುವುದಿಲ್ಲ, ಹುಟ್ಟಿದ ಕೆಲವೇ ಗಂಟೆಗಳೊಳಗೆ ಕುಡಿಯುವ ಗಿಣ್ಣುಹಾಲಿನಿಂದಲೇ ಬರಬೇಕು ಎಂದು ಪಶುವೈದ್ಯರಿಂದ ಕೇಳಿ ತಿಳಿದಿದ್ದುದನ್ನು ಹೇಳಿದೆ. ಅವರು ತಲೆದೂಗಿದರು. "ಗಂಡುಗರ ಇಟ್ಕೊಂಡು ನಾ ಏನ ಮಾಡ್ಲಿ? ಮೊದಲಾಗಿದ್ರ ಎತ್ತಾಗ್ತಿತ್ತು. ಮೇವಿನ ಧಾರಣಿ ನಿಮಗ ಗೊತ್ತೈತಿ" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಇಲ್ಲವೆಂದೇ ಹೇಳಿದೆ.

ತಿಂಗಳಾದ ಮೇಲೆ ಸಂತೆಯಲ್ಲಿ ಸಿಕ್ಕಿದರು. ಮೊದಲ ಮೂರು ದಿನ ಕರುವನ್ನು ಹೊಟ್ಟೆ ತುಂಬ ಕುಡಿಯಲು ಬಿಟ್ಟುದಾಗಿಯೂ, ಮನೆಯಲ್ಲಿ ಗಿಣ್ಣು ಕಾಸಲಿಲ್ಲವೆಂದು ನೆರೆಯವರು ಆಡಿಕೊಂಡುದಾಗಿಯೂ ಹೇಳಿದರು. ಈ ಸಲ ಹೆಣ್ಣುಗರು. ಗಂಡಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.