ಹಾಳು ಹಂಪೆಯಲ್ಲಿ ಬಾಳುವ ಕಾಲುವೆ

ಹಂಪೆಯ ಹೆಸರೆತ್ತಿದೊಡನೆ ‘ಹಾಳು’ ಎಂಬ ವಿಶೇಷಣವು ನಮ್ಮ ಜನರ ಬಾಯಲ್ಲಿ ತಾನಾಗಿಯೇ ಅದರೊಡನೆ ಬಂದು ಸೇರುತ್ತದೆ. 1336ರಲ್ಲಿ ಸ್ಥಾಪಿತವಾಯಿತೆಂದು ಸಾಮಾನ್ಯವಾಗಿ ಒಪ್ಪಲಾಗಿರುವ ವಿಜಯನಗರವು 1565ರ ಯುದ್ಧದ ತರುವಾಯ ಸೂರೆಗೊಂಡು ಪಾಳುಬಿದ್ದುದು ನಿಜ. ಆದರೂ ವಿದ್ಯಾರ್ಥಿಗಳನ್ನು ಪ್ರವಾಸಕ್ಕೆ ಕರೆದೊಯ್ಯುವ ಅಧ್ಯಾಪಕ ಮಿತ್ರರು ಕಲ್ಲಿನ ರಥವನ್ನು ತೋರಿಸಿದ ಬಳಿಕ ಒಂದು ಗಳಿಗೆ ತುರ್ತು ಕಾಲುವೆಯ ದಂಡೆಯ ಮೇಲೂ ನಿಲ್ಲಬೇಕೆಂಬುದು ನನ್ನ ಬಿನ್ನಹ.

ನದೀತೀರದ ದೇವಾಲಯಗಳಿಗೂ ಅರಮನೆಯ ಆವರಣಕ್ಕೂ ನಡುವೆ ತಗ್ಗಾದ ಒಂದು ಕಣಿವೆಯಿದೆ. ತುಂಗಭದ್ರೆಗೆ ಕಲ್ಲಿನ ಅಣೆಕಟ್ಟುಗಳನ್ನು ಅಡ್ಡಗಟ್ಟಿ, ನೆಲದ ಇಳಿಜಾರನ್ನೇ ನೆಚ್ಚಿ ತಂದ ನೀರು ಆ ಕಣಿವೆಯಲ್ಲಿ ಇಂದಿಗೂ ಹರಿಯುತ್ತದೆ. ಬಾಳೆ, ಕಬ್ಬು, ಭತ್ತಗಳು ಬೆಳೆಯುತ್ತವೆ. ಅರಸರ ಮನೆಗಳ ಕಲ್ಲಿನ ಜಗತಿಗಳು ಮಾತ್ರ ಉಳಿದಿವೆ. ಅವುಗಳ ಮೇಲಿದ್ದ ಮರದ ಕಂಬ, ತೊಲೆ, ಮಾಳಿಗೆಗಳು ಬೆಂಕಿಗೆ ಆಹುತಿಯಾದವು. ರೈತನ ಕಾಲುವೆ ಮಾತ್ರ ಬತ್ತಲಿಲ್ಲ. ಕಾರಣ ಸರಳವಾದುದು: ಅದರ ಹೂಳನ್ನು ತೆಗೆಯುವವರು ಯಾವ ಕಾಲಕ್ಕೂ ಇದ್ದರು.

ನೀರಿಗಾಗಿ ಆ ನಗರವು ಪಟ್ಟ ಶ್ರಮ ಅಸಾಧಾರಣವಾದುದು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನು ಕಟ್ಟಿಸುತ್ತಿದ್ದ ಒಂದು ಕೆರೆಯ ಕೆಲಸದಲ್ಲಿ ಹದಿನೈದು ಇಪ್ಪತ್ತು ಸಾವಿರ ಜನರು ಇರುವೆಗಳಂತೆ ತೊಡಗಿದ್ದುದನ್ನು ಕಂಡುದಾಗಿ ಬರೆದಿದ್ದಾನೆ. 1980ರ ದಶಕದ ಉತ್ಖನನದಲ್ಲಿ ಅರಮನೆಯ ಆವರಣದಿಂದ ಮೆಟ್ಟಿಲುಗಳ ಪುಷ್ಕರಣಿಯೊಂದು ಹೊರಬಂದಿತು. ಅದರ ಕರಿಗಲ್ಲುಗಳ ಮೇಲೆ ಯಾವ ಕಲ್ಲು ಯಾವ ಕಡೆಗೆ, ಯಾವ ಸಾಲಿಗೆ ಸೇರತಕ್ಕದ್ದೆಂಬುದನ್ನು ಸೂಚಿಸುವ ಶಿಲ್ಪಿಗಳ ಗುರುತುಗಳಿವೆ. ರಾಜರ ಬಿರುದುಗಳನ್ನು ಬಾಯಿಪಾಠ ಮಾಡುವ ಬಾಲಕನಿಗೆ ಈ ಗುರುತುಗಳನ್ನೂ ತೋರಿಸಿದರೆ ಇತಿಹಾಸವು ಕೈಗೆಟುಕಿದಂತಾಗುತ್ತದೆ.

ಈ ಕ್ಷೇತ್ರವು ರಾಜಧಾನಿಗಿಂತಲೂ ಹಳೆಯದು. ಹರಿಹರ ಕವಿಯು ವಿರೂಪಾಕ್ಷನ ಸನ್ನಿಧಿಯನ್ನು ಆಶ್ರಯಿಸಿದಾಗ ವಿಜಯನಗರವಿನ್ನೂ ಹುಟ್ಟಿರಲಿಲ್ಲ. ಪ್ರೌಢದೇವರಾಯನ ಕಾಲದಲ್ಲಿ ಚಾಮರಸನು ‘ಪ್ರಭುಲಿಂಗಲೀಲೆ’ಯನ್ನು ರಚಿಸಿದುದೂ ಈ ನಗರದ ಚರಿತ್ರೆಯ ಭಾಗವೇ. ರಾಜ್ಯವು ಅಳಿದರೂ ವಿರೂಪಾಕ್ಷನ ಪೂಜೆ ನಿಲ್ಲಲಿಲ್ಲ, ಗುಡಿಯೂ ನಿಂತಿತು.

ಸಂರಕ್ಷಣೆಯ ಕಥೆ ಇಷ್ಟು ಸರಳವಾಗಿಲ್ಲ. 1799ರಲ್ಲಿ ಕಾಲಿನ್ ಮೆಕೆಂಜಿಯು ಇಲ್ಲಿಯ ನಕ್ಷೆ ಮಾಡಿಸಿದನು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥಕ್ಕೆ ಇಟ್ಟಿಗೆಯ ಶಿಖರವಿದೆ, ಈಗಿಲ್ಲ. ನಾವು ನೋಟಿನ ಮೇಲೆ ಕಾಣುವುದು ಶಿಖರ ಕಳೆದುಕೊಂಡ ರಥವನ್ನು. 1900ರಲ್ಲಿ ರಾಬರ್ಟ್ ಸಿವೆಲ್ಲನ ಗ್ರಂಥವು ಪ್ರಕಟವಾದ ಬಳಿಕ ವಿದ್ವಾಂಸರ ಲಕ್ಷ್ಯವು ಇತ್ತ ಹರಿಯಿತು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಹಂಪೆ ಸೇರಿತು.

ತೊಡಕು ಮೊದಲಾದುದು ಅನಂತರ. ಆನೆಗೊಂದಿಯ ಜನರಿಗೆ ಹೊಳೆ ದಾಟಲು ಸೇತುವೆ ಬೇಕಾಗಿತ್ತು; ಸ್ಮಾರಕಗಳ ನಡುವೆ ಅದು ಏಳಲಾರಂಭಿಸಿದುದರಿಂದ 1999ರಲ್ಲಿ ಹಂಪೆಯು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಇಳಿಯಿತು. 2006ರಲ್ಲಿ ಆ ಪಟ್ಟಿಯಿಂದ ಹೊರಬಂದಿತಾದರೂ, 2009ರ ಜನವರಿಯಲ್ಲಿ ನಿರ್ಮಾಣದಲ್ಲಿದ್ದ ಅದೇ ಸೇತುವೆ ಕುಸಿದು ಕೂಲಿಕಾರರು ಪ್ರಾಣತೆತ್ತರು. ಸ್ಮಾರಕದ ಹಿತ, ಊರಿನ ಹಿತ ಇವೆರಡನ್ನೂ ಮೊದಲೇ ಕೂಡಿ ಕುಳಿತು ಯೋಚಿಸಿದ್ದರೆ ಎಂದು ಮನಸ್ಸು ಮರುಗುತ್ತದೆ.

2011ರಲ್ಲಿ ವಿರೂಪಾಕ್ಷ ಬಜಾರದ ಸಾಲುಮಂಟಪಗಳಲ್ಲಿ ನೆಲೆಸಿದ್ದವರನ್ನು ತೆರವುಗೊಳಿಸಲಾಯಿತು. ಕಂಬಗಳ ನಡುವೆ ಗೋಡೆಯೆಬ್ಬಿಸಿ ಅಂಗಡಿ ಹೂಡಿದ್ದು ಸರಿಯಲ್ಲವೆಂಬುದನ್ನು ನಾನು ಅಲ್ಲಗಳೆಯೆನು. ಆದರೆ ಬಜಾರವೆಂದರೆ ಜನ ಸೇರುವ ಸ್ಥಳವೇ ಅಲ್ಲವೇ? 2024ರ ಮೇ ತಿಂಗಳ ಮಳೆಗೆ ಅಲ್ಲಿಯ ಮಂಟಪದ ಒಂದು ಭಾಗ ಕುಸಿಯಿತು. ಜನರು ಇದ್ದಿದ್ದರೆ ಬೀಳುತ್ತಿರಲಿಲ್ಲವೆಂದು ಹೇಳಲಾಗದು. ತೆರವು ಮಾಡಿದಮಾತ್ರಕ್ಕೆ ರಕ್ಷಣೆಯಾಯಿತೆಂದೂ ಹೇಳಲಾಗದು.

ಕಣಿವೆಯ ಗದ್ದೆಗಳ ಪ್ರಶ್ನೆಯೂ ಇಂತಹುದೇ. ಸಂರಕ್ಷಿತ ಪ್ರದೇಶವು ಸುಮಾರು 41 ಚದರ ಕಿಲೋಮೀಟರಿನಷ್ಟು ಹರಡಿದೆ. ಅದರೊಳಗೆ ಹೊಲಗಳಿವೆ, ಹಳ್ಳಿಗಳಿವೆ. ಅಲ್ಲಿಯ ರೈತನು ಮಡೆ ತಿರುಗಿಸಿ ನೀರು ಹಾಯಿಸುವಾಗ, ರಾಯರ ಕಾಲದ ಒಂದು ಕೆಲಸವು ಇನ್ನೂ ಮುಗಿಯದೆ ನಡೆಯುತ್ತಿರುತ್ತದೆ.