ದಿನಬಳಕೆಯ ಖಾತೆಗೆ ಅಡ್ಮಿನ್ ಅಧಿಕಾರ ಬೇಡ

ಹೊಸ ಲ್ಯಾಪ್‌ಟಾಪ್ ಮೊದಲ ಸಲ ಆನ್ ಮಾಡಿದಾಗ ವಿಂಡೋಸ್ ಒಂದು ಖಾತೆ ತೆರೆಯಲು ಹೇಳುತ್ತದೆ. ಈ ಮೊದಲ ಖಾತೆಗೆ ಅಡ್ಮಿನಿಸ್ಟ್ರೇಟರ್ ಅಧಿಕಾರ ತಾನಾಗಿಯೇ ಸಿಗುತ್ತದೆ. ಆಮೇಲೆ ಮನೆಮಂದಿಗೆಲ್ಲ ಅದೇ ಖಾತೆ. ಅಪ್ಪನ ಬ್ಯಾಂಕ್ ವ್ಯವಹಾರ, ಮಗಳ ಪ್ರಾಜೆಕ್ಟ್, ಮಗನ ಗೇಮ್ ಎಲ್ಲವೂ ಅಲ್ಲೇ. ಎಲ್ಲಿಂದಲೋ ಇಳಿಸಿಕೊಂಡ ಗೇಮ್ ಅನುಮತಿ ಕೇಳಿದಾಗ ಹಿಂದೆಮುಂದೆ ನೋಡದೆ ‘ಯಸ್’ ಒತ್ತಿದರೆ, ಅದರೊಳಗೆ ಅಡಗಿದ ಕುತಂತ್ರಾಂಶಕ್ಕೂ ಇಡೀ ಕಂಪ್ಯೂಟರ್ ಮೇಲೆ ಹಿಡಿತ ಸಿಕ್ಕಂತೆ.

ಇದನ್ನು ತಡೆಯಲು ದುಡ್ಡು ಕೊಟ್ಟು ಏನನ್ನೂ ಕೊಳ್ಳಬೇಕಿಲ್ಲ. ದಿನವೂ ಬಳಸುವ ಖಾತೆಯ ಅಡ್ಮಿನ್ ಅಧಿಕಾರ ತೆಗೆದು ಅದನ್ನು ‘ಸ್ಟ್ಯಾಂಡರ್ಡ್ ಯೂಸರ್’ ಮಾಡುವ ಸೌಲಭ್ಯ ವಿಂಡೋಸ್‌ನಲ್ಲೇ ಇದೆ. ಹಾಗೆ ಮಾಡಿದರೆ ಫೈಲು, ಫೋಟೊ, ಬುಕ್‌ಮಾರ್ಕ್ ಯಾವುದೂ ಅಳಿಯುವುದಿಲ್ಲ.

ಮೊದಲು ಇನ್ನೊಂದು ಅಡ್ಮಿನ್ ಖಾತೆ

ಎಡವುವುದು ಇಲ್ಲಿಯೇ. ಇರುವ ಒಂದೇ ಅಡ್ಮಿನ್ ಖಾತೆಗೆ ಕೈಹಾಕುವ ಮುಂಚೆ ಇನ್ನೊಂದನ್ನು ಸಿದ್ಧ ಮಾಡಿಕೊಳ್ಳಲೇಬೇಕು. ವಿಂಡೋಸ್ ಒಳಗೇ ಇರುವ ‘ಅಡ್ಮಿನಿಸ್ಟ್ರೇಟರ್’ ಎಂಬ ಖಾತೆ ಸಾಮಾನ್ಯವಾಗಿ ನಿಷ್ಕ್ರಿಯವಾಗಿರುತ್ತದೆ. ಕಷ್ಟಕಾಲಕ್ಕೆ ಅದನ್ನು ನಂಬುವಂತಿಲ್ಲ.

ವಿಂಡೋಸ್ 11ರಲ್ಲಿ ‘ಸೆಟ್ಟಿಂಗ್ಸ್’ ತೆರೆದು ‘ಅಕೌಂಟ್ಸ್’, ಅದರೊಳಗೆ ‘ಅದರ್ ಯೂಸರ್ಸ್’ಗೆ ಹೋಗಿ. (ವಿಂಡೋಸ್ 10ರಲ್ಲಿ ಇದೇ ಜಾಗದಲ್ಲಿ ‘ಫ್ಯಾಮಿಲಿ ಆ್ಯಂಡ್ ಅದರ್ ಯೂಸರ್ಸ್’ ಎಂದಿರುತ್ತದೆ.) ‘ಆ್ಯಡ್ ಅಕೌಂಟ್’ ಒತ್ತಿದರೆ ಇಮೇಲ್ ಕೇಳುತ್ತದೆ. ಅದನ್ನು ಕೊಡದೆ, ಆ ವ್ಯಕ್ತಿಯ ಸೈನ್-ಇನ್ ಮಾಹಿತಿ ನನ್ನಲ್ಲಿಲ್ಲ ಎಂಬ ಅರ್ಥದ ಸಾಲನ್ನೂ, ಮುಂದಿನ ಪುಟದಲ್ಲಿ ಮೈಕ್ರೋಸಾಫ್ಟ್ ಖಾತೆ ಇಲ್ಲದೆ ಸೇರಿಸುವ ಸಾಲನ್ನೂ ಒತ್ತಿ. ‘ಮನೆ ಅಡ್ಮಿನ್’ ಎಂದೋ ಮತ್ತೇನೋ ಹೆಸರಿಟ್ಟು ಗಟ್ಟಿಯಾದ ಪಾಸ್‌ವರ್ಡ್ ಕೊಡಿ. ಆಗ ಮೂರು ಭದ್ರತಾ ಪ್ರಶ್ನೆಗಳು ಬರುತ್ತವೆ. ಅವುಗಳ ಉತ್ತರ ಗೊತ್ತಿದ್ದವರು ಲಾಗಿನ್ ಪರದೆಯಲ್ಲೇ ಪಾಸ್‌ವರ್ಡ್ ಬದಲಿಸಬಹುದು. ಹುಟ್ಟಿದೂರು, ಸಾಕಿದ ನಾಯಿಯ ಹೆಸರು ಮಗನಿಗೂ ಗೊತ್ತಿರುತ್ತದಲ್ಲ! ನಿಜವಾದ ಉತ್ತರದ ಬದಲು ನಿಮಗಷ್ಟೇ ತಿಳಿದಿರುವ ಪದ ಬರೆಯಿರಿ. ಪಾಸ್‌ವರ್ಡನ್ನೂ ಈ ಉತ್ತರಗಳನ್ನೂ ಕಾಗದದಲ್ಲಿ ಬರೆದು ಬೀರುವಿನಲ್ಲಿ ಇಡಿ.

ಹೊಸ ಖಾತೆ ಪಟ್ಟಿಯಲ್ಲಿ ಕಾಣಿಸುತ್ತದೆ. ಅದರ ಮೇಲೆ ಒತ್ತಿ, ‘ಚೇಂಜ್ ಅಕೌಂಟ್ ಟೈಪ್’ ಆರಿಸಿ, ‘ಅಡ್ಮಿನಿಸ್ಟ್ರೇಟರ್’ ಮಾಡಿ ‘ಓಕೆ’ ಕೊಡಿ.

ಈಗ ಅಧಿಕಾರ ಇಳಿಸುವುದು

ಹಳೆಯ ಖಾತೆಯಿಂದ ಸೈನ್ ಔಟ್ ಆಗಿ ಹೊಸದರಲ್ಲಿ ಒಳಬನ್ನಿ. ಪಾಸ್‌ವರ್ಡ್ ಸರಿಯಿದೆ ಎನ್ನುವುದೂ ಇದರಿಂದ ಖಾತ್ರಿಯಾಗುತ್ತದೆ. ಮತ್ತೆ ‘ಅದರ್ ಯೂಸರ್ಸ್’ಗೆ ಹೋಗಿ ಹಳೆಯ ಖಾತೆಯನ್ನು ಆರಿಸಿ, ‘ಚೇಂಜ್ ಅಕೌಂಟ್ ಟೈಪ್’ನಲ್ಲಿ ‘ಸ್ಟ್ಯಾಂಡರ್ಡ್ ಯೂಸರ್’ ಮಾಡಿ. ಕೆಲಸ ಮುಗಿಯಿತು.

ಪರೀಕ್ಷಿಸದೆ ಬಿಡಬೇಡಿ. ಹಳೆಯ ಖಾತೆಗೆ ಮರಳಿ ‘ಕಮಾಂಡ್ ಪ್ರಾಂಪ್ಟ್’ ಹುಡುಕಿ, ಬಲ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಒತ್ತಿ. ಮೊದಲು ‘ಯಸ್’, ‘ನೋ’ ಮಾತ್ರ ಕೇಳುತ್ತಿದ್ದ ಪೆಟ್ಟಿಗೆ ಈಗ ಅಡ್ಮಿನ್ ಖಾತೆಯ ಪಾಸ್‌ವರ್ಡ್ ಕೇಳಬೇಕು. ಕೇಳಿದರೆ ಎಲ್ಲವೂ ಸರಿಯಾಗಿದೆ.

ಏನು ನಡೆಯುತ್ತದೆ, ಏನು ನಡೆಯುವುದಿಲ್ಲ

ಇಂಟರ್ನೆಟ್, ವರ್ಡ್, ಎಕ್ಸೆಲ್, ಪ್ರಿಂಟ್ ಯಾವುದಕ್ಕೂ ತೊಂದರೆಯಿಲ್ಲ. ಡಿಟಿಪಿ ಮಾಡುವವರು ಫಾಂಟ್ ಬಗ್ಗೆ ಆತಂಕ ಪಡುತ್ತಾರೆ. ವಿಂಡೋಸ್ 10ರ 1809 ಆವೃತ್ತಿಯಿಂದೀಚೆಗೆ ಸ್ಟ್ಯಾಂಡರ್ಡ್ ಖಾತೆಯವರೂ ತಮ್ಮ ಮಟ್ಟಿಗೆ ಫಾಂಟ್ ಹಾಕಿಕೊಳ್ಳಬಹುದು. ಎಲ್ಲ ಖಾತೆಗಳಿಗೂ ಸಿಗಬೇಕಾದರೆ ಮಾತ್ರ ಅಡ್ಮಿನ್ ಪಾಸ್‌ವರ್ಡ್ ಬೇಕು. ಡಿಜಿಟಲ್ ಸಹಿಯ ಟೋಕನ್‌ಗೆ ಡ್ರೈವರ್ ಹಾಕುವಾಗಲೂ ಅದನ್ನು ಕೇಳುತ್ತದೆ. ಹಳೆಯ ಕೆಲವು ಲೆಕ್ಕಪತ್ರ ತಂತ್ರಾಂಶಗಳು ಪ್ರತಿ ಸಲವೂ ಅಡ್ಮಿನ್ ಅಧಿಕಾರ ಬೇಡುತ್ತವೆ. ಅದಕ್ಕಾಗಿ ಖಾತೆಯ ಅಧಿಕಾರ ಮತ್ತೆ ಏರಿಸುವ ಬದಲು ಆ ತಂತ್ರಾಂಶದ ಹೊಸ ಆವೃತ್ತಿ ತರಿಸಿಕೊಳ್ಳುವುದು ಲೇಸು.

ಆದರೆ ಇದು ಎಲ್ಲ ಕಾಟಕ್ಕೂ ಮದ್ದಲ್ಲ. ಫೈಲ್‌ಗಳಿಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್, ನೀವು ತೆರೆಯಬಲ್ಲ ಫೈಲ್‌ಗಳನ್ನು ಅಡ್ಮಿನ್ ಅಧಿಕಾರವಿಲ್ಲದೆಯೂ ಹಾಳು ಮಾಡೀತು. ಹಾಗಾಗಿ ಮುಖ್ಯ ಫೈಲ್‌ಗಳ ಪ್ರತಿ ಬೇರೊಂದು ಹಾರ್ಡ್‌ಡಿಸ್ಕ್‌ನಲ್ಲಿರಲಿ; ಅದನ್ನು ಕಂಪ್ಯೂಟರಿಗೆ ಸದಾ ಜೋಡಿಸಿಡಬೇಡಿ. ಬ್ಯಾಂಕಿನವರೆಂದು ಫೋನ್ ಮಾಡಿ ಪರದೆ ಹಂಚಿಕೊಳ್ಳಿ ಎನ್ನುವ ವಂಚಕರ ಎದುರೂ ಖಾತೆಯ ಬಗೆ ಕೆಲಸಕ್ಕೆ ಬರುವುದಿಲ್ಲ. ಅಂಥ ಕರೆಯನ್ನು ಕತ್ತರಿಸುವುದೇ ದಾರಿ.

ಕಚೇರಿಯಲ್ಲಾದರೆ ರಿಜಿಸ್ಟರ್

ಸಣ್ಣ ಕಚೇರಿಗಳಲ್ಲಿ ಅಧಿಕಾರ ತೆಗೆದ ಮೇಲೆ ಯಾರೂ ಬರೆದಿಡುವುದಿಲ್ಲ. ಆರು ತಿಂಗಳ ಬಳಿಕ ಅಡ್ಮಿನ್ ಪಾಸ್‌ವರ್ಡ್ ಯಾರಲ್ಲಿದೆ ಎನ್ನುವುದೇ ಗೊತ್ತಿರುವುದಿಲ್ಲ. ಒಂದು ನೋಟ್‌ಬುಕ್ ಸಾಕು: ದಿನಾಂಕ, ಯಾವ ಕಂಪ್ಯೂಟರ್, ಯಾವ ಖಾತೆ, ಅಧಿಕಾರ ತೆಗೆದವರು, ಕಾರಣ, ಈಗ ಅಡ್ಮಿನ್ ಯಾರು. ಪಾಸ್‌ವರ್ಡನ್ನು ಮಾತ್ರ ಅದರಲ್ಲಿ ಬರೆಯದೆ, ಮೊಹರು ಮಾಡಿದ ಲಕೋಟೆಯಲ್ಲಿ ಹಾಕಿ ಮುಖ್ಯಸ್ಥರ ವಶಕ್ಕೆ ಕೊಡಿ. ಕೆಲಸ ಬಿಟ್ಟು ಹೋಗುವವರಿಗೆ ಅದು ಗೊತ್ತಿದ್ದರೆ ಅವರ ಕೊನೆಯ ದಿನವೇ ಬದಲಿಸಿ. ಇಲ್ಲಿ ಹೇಳಿದ ಖಾತೆಗಳು ಆಯಾ ಕಂಪ್ಯೂಟರಿಗೆ ಮಾತ್ರ ಸೀಮಿತ. ಆದ್ದರಿಂದ ಒಂದರಲ್ಲಿ ತೆಗೆದ ಅಧಿಕಾರ ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿ ಹಾಗೆಯೇ ಉಳಿದಿರುತ್ತದೆ. ಪ್ರತಿಯೊಂದರ ಮುಂದೆಯೂ ಕೂತು ಇದೇ ಕ್ರಮ ಅನುಸರಿಸಬೇಕು.